ಲೆಕ್ಕದವ

ಸಿಂದಿ ಬಂದಾಗುವುದಕ್ಕೆ ಮೊದಲಿನ ಮಾತು.
ತಿಂಗಳ ಎರಡನೇ ಐತವಾರ, ಬೆಳಗಿನ ಪ್ಯಾಸೆಂಜರು
ವಾಡಿ ಜಂಕ್ಷನ್ನಿನಲ್ಲಿ ಮೈಮುರಿಯುವ ಹೊತ್ತಿಗೆ
ಮೂವರು ಬರುತ್ತಿದ್ದರು ತಲೆಗೆ ಎಣ್ಣೆ ಹಚ್ಚಿಕೊಂಡು,
ಕಿವಿಯ ಸಂದಿಯಲ್ಲಿ ಮಾತ್ರ ಸಿಮೆಂಟು ಉಳಿಸಿಕೊಂಡು:
ಭಟ್ಟಿಯ ಚಂದ್ರಾಮ, ಪ್ಯಾಕಿಂಗಿನ ಸಾಬಣ್ಣ,
ಲೋಡಿಂಗಿನ ಗುಂಡೇರಾವ.
ನಾಲ್ಕನೆಯವ ನಾನು. ಟೈಮ್ ಆಫೀಸಿನವ, ಕುಡಿಯದವ.

ಅದಕ್ಕೇ ರೊಕ್ಕದ ಚೀಲ ನನ್ನ ಹತ್ತಿರ.
"ಹೋಗಲಾಕ ನಾಕು, ಬರಲಾಕ ನಾಕು, ಈಗೇ ಟಿಕೀಟು ತಗೋ,
ಸಂಜಿಕ ನಮ್ಮ ಮ್ಯಾಲ ನಮಗೇ ಭರೋಸಾ ಇರಂಗಿಲ್ಲ."
ಯಾಕೆ ಕುಡಿಯುವುದಿಲ್ಲವೆಂದು ಅವರು ಕೇಳಲಿಲ್ಲ,
ನಾನೂ ಹೇಳಲಿಲ್ಲ.
ಹನ್ನೊಂದು ವರ್ಷ ಹೀಗೇ ನಡೆಯಿತು.

ಚಿತ್ತಾಪುರದಲ್ಲಿ ಮೊದಲ ಇಳಿತ.
ಹಳಿ ದಾಟಿದರೆ ಬೇವು, ಬೇವಿನಡಿ ಗಡಿಗೆ,
ಗಡಿಗೆಯ ಬಾಯಿಗೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ನೊಣ.
ಅಂದು ಬೆಳಗ್ಗೆ ಈಚಲು ಇಳಿಸಿದ್ದು, ಇನ್ನೂ ಸಿಹಿ.
ಇಷ್ಟೇ ಕುಡಿಯಬೇಕೆಂದು ಯಾರು ಹೇಳಬೇಕು?
ಎರಡು ಗಾಡಿಗಳ ನಡುವಿನ ಹೊತ್ತೇ ನಮ್ಮ ಪಾವು, ನಮ್ಮ ಸೇರು.
ಸಿಗ್ನಲ್ಲಿನಲ್ಲಿ ಮಾಲಗಾಡಿ ಅಡ್ಡ ನಿಂತಿತೆಂದರೆ
ಸಾಬಣ್ಣ ರೈಲ್ವೆ ಇಲಾಖೆಗೆ ಕೈ ಮುಗಿಯುತ್ತಿದ್ದ.

ಮಳಖೇಡ ರೋಡಿನಲ್ಲಿ ಇಳಿಯುತ್ತಿರಲಿಲ್ಲ.
ರೋಡು ಎಂದು ಹೆಸರಿದ್ದಲ್ಲಿ ಊರು ಇರುವುದಿಲ್ಲ.
ಕಿಡಕಿಯಿಂದ ತೊಗರಿ ಹೊಲ ನೋಡಿ
"ಹಳದಿ ಹೂವಿಗೂ ಅಮಲು ಅದ" ಎಂದ ಒಮ್ಮೆ ಗುಂಡೇರಾವ.
ಆಗಿನ್ನೂ ಅವನು ಕುಡಿದದ್ದು ಎರಡೇ ಗ್ಲಾಸು, ನನ್ನ ವಹಿಯಲ್ಲಿದೆ.

ಸೇಡಂನಲ್ಲಿ ಪರ್ಸಿ ಹಾಸಿದ ಪಡಸಾಲೆ, ತಂಪು.
ಉಳ್ಳಾಗಡ್ಡಿ, ಹುರಿದ ಶೇಂಗಾ, ಕುಸುಬಿ ಎಣ್ಣೆಯ ಮಿರ್ಚಿ.
ಇಲ್ಲಿಗೆ ಬರುವಷ್ಟರಲ್ಲಿ ಸಿಂದಿಯೂ ಹುಳಿಯೇರಿರುತ್ತಿತ್ತು,
ಚಂದ್ರಾಮನ ಮಾತೂ.
ಇಪ್ಪತ್ತು ವರ್ಷದ ಹಿಂದೆ ಮಾರಿದ ಎಮ್ಮೆಯೊಂದನ್ನು ನೆನೆದು
ಗೋಡೆಯ ಕಡೆ ಮುಖ ಮಾಡುತ್ತಿದ್ದ.
ಅದರ ಹೆಸರು ಚಂಪಾ.
ಭಟ್ಟಿಯ ಬಾಯಲ್ಲಿ ಬೆಂಕಿ ನೋಡಿ ನೋಡಿ
ಕಣ್ಣೀರು ಬತ್ತಿದವನೆಂದು ಕಾಲೊನಿಯಲ್ಲಿ ಹೆಸರಾದವನು.
ಯಾರೂ ಸಮಾಧಾನ ಮಾಡುತ್ತಿರಲಿಲ್ಲ.
ಮಿರ್ಚಿಯ ತಾಟು ಸುಮ್ಮನೆ ಅವನ ಕಡೆ ಸರಿಯುತ್ತಿತ್ತು.

ಕೊನೆಗೆ ಕುರಕುಂಟಾ.
ಅದರಾಚೆ ತೆಲುಗು ಸುರುವಾಗುತ್ತದೆ, ಸಿಂದಿ ಕಲ್ಲು ಆಗುತ್ತದೆ.
ನರಸಮ್ಮನ ಅಂಗಡಿಗೆ ಹೆಸರಿಲ್ಲ, ಬಾಗಿಲೂ ಇಲ್ಲ,
ಗೋಣಿಚೀಲದ ಪರದೆ, ಒಂದು ಕಂದೀಲು.
ಬಂದವರನ್ನೆಲ್ಲ ಆಕೆ "ಸೋಮಾರಿಗಳು" ಎನ್ನುತ್ತಿದ್ದಳು,
ಹಣೆಯ ಮೇಲಿನ ಬೆವರು ಒರೆಸದೆ, ಎರಡು ಭಾಷೆಯಲ್ಲಿ.

ಅವತ್ತೊಂದು ದಿನ, ದೀಪಾವಳಿ ಕಳೆದ ಮೇಲೆ,
ಮೂವರೂ ಕೂತು ತುಂಬಿಸಿಕೊಳ್ಳುತ್ತಿರುವಾಗ
ನೀರಿನ ಹರಿವಿಯೊಳಗೆ ಮೊಳಕೈತನಕ ಕೈಯಿಟ್ಟು
ಒಂದು ಗೋಲಿ ಸೋಡಾ ತೆಗೆದಳು.
"ಇದು ಇಲ್ಲಿ ಯಾರಿಗೂ ಬೇಕಾಗಂಗಿಲ್ಲ.
ನೀ ಬರ್ತೀ ಅಂತ ಸೇಡಂದಿಂದ ತರಿಸಿ ಇಡ್ತೀನಿ."

ಗೋಲಿ ಒಳಗಿಳಿದ ಸದ್ದಿಗೆ
ಮೂವರೂ ತಿರುಗಿ ನೋಡಿದರು.
ರೊಕ್ಕ ಕೊಡಹೋದರೆ ಆಕೆ ಸೆರಗು ಕೊಡವಿ ಒಳಗೆ ಹೋದಳು.

ರಾತ್ರಿಯ ಗಾಡಿ. ದೀಪ ಅರ್ಧ ಸತ್ತ ಡಬ್ಬಿ.
ಸಾಬಣ್ಣನ ತಲೆ ನನ್ನ ಹೆಗಲ ಮೇಲೆ, ಚಂದ್ರಾಮನ ಕಾಲು ನನ್ನ ತೊಡೆಯ ಮೇಲೆ,
ಗುಂಡೇರಾವನಂತೂ ಮೂಟೆ ಇಡುವ ಹಲಗೆಯಲ್ಲಿ.
ಸೇಡಂ, ಮಳಖೇಡ, ಚಿತ್ತಾಪುರ,
ಬಂದ ದಾರಿಯೇ ಹಿಂದುಮುಂದಾಗಿ ದಾಟಿತು.
ಎಚ್ಚರಿದ್ದವ ನಾನೊಬ್ಬನೇ, ಆದ್ದರಿಂದ ಇದೆಲ್ಲ ನನ್ನ ಪಾಲಿಗೆ ಬಂತು.

ಅವತ್ತಿನ ಪುಟ ಈಗಲೂ ತೆಗೆಯುತ್ತೇನೆ:
ಟಿಕೀಟು ಎಂಟು, ಗ್ಲಾಸು ಇಪ್ಪತ್ಮೂರು, ಮಿರ್ಚಿ, ಶೇಂಗಾ, ಬೀಡಿ.
ಸೋಡಾದ ಸಾಲು ಬರೆದು ಹೊಡೆದುಹಾಕಿದ್ದೇನೆ.
ಎರಡು ರೂಪಾಯಿ ಕೈಯಲ್ಲಿ ಉಳಿದಿದೆ.
ಜಮಾ ಹಿಡಿಯಲೋ, ಖರ್ಚು ಬರೆಯಲೋ,
ವಾಡಿ ಬರುವತನಕ ಯೋಚಿಸಿದ್ದೆ.
ಗಾಡಿ ನಿಂತಿತು, ಮೂವರನ್ನೂ ಎಬ್ಬಿಸಬೇಕಾಯಿತು.